ಕಿವಿ ಸೋರುವುದು ನಿಂತಿದೆಯೇ? ಈಗಲೇ ಹೊರಡಿ

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಬಂಧುಗಳೇ,

ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಾದರೂ ಕಿವಿ ಸೋರುವ ಒಬ್ಬರು ಇರಬಹುದು. ಶೀತವಾದಾಗ ಸೋರುತ್ತದೆ, ತಲೆಗೆ ನೀರು ಹಾಕಿಕೊಂಡ ಮಾರನೆಯ ದಿನ ಸೋರುತ್ತದೆ. ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸ್ ನಾಲ್ಕು ದಿನ ಬಿಟ್ಟರೆ ನಿಲ್ಲುತ್ತದೆ. ನಿಂತಿತಲ್ಲ ಎಂದು ಮನೆಮಂದಿ ಮರೆಯುತ್ತಾರೆ, ಮುಂದಿನ ಮಳೆಗಾಲಕ್ಕೆ ಮತ್ತೆ ಸೋರುತ್ತದೆ. ಹೀಗೆಯೇ ಹತ್ತಿಪ್ಪತ್ತು ವರ್ಷ ಕಳೆದು, ಮಾತು ಕೇಳಿಸದೆ ಹೋದ ಮೇಲೆ ಆಸ್ಪತ್ರೆಗೆ ಬರುವವರು ನಮ್ಮ ನಡುವೆಯೇ ಇದ್ದಾರೆ.

ನನ್ನದು ಒಂದೇ ಕೋರಿಕೆ. ಕಿವಿ ಸೋರುವಾಗ ಮಾತ್ರ ವೈದ್ಯರ ಬಳಿ ಓಡಬೇಡಿ, ಸೋರುವುದು ನಿಂತಾಗಲೂ ಹೋಗಿ. ಸೋರುವ ಕಿವಿಯ ತೂತಾದ ತಮಟೆಯನ್ನು ಮುಚ್ಚುವ ಶಸ್ತ್ರಚಿಕಿತ್ಸೆಗೆ ಹೆಚ್ಚಿನ ವೈದ್ಯರು ಕಾಯುವುದು ಆ ಒಣಗಿದ ದಿನಗಳಿಗೇ. ನಾವು ಆಸ್ಪತ್ರೆಯ ದಾರಿ ಮರೆಯುವುದೂ ಆ ದಿನಗಳಲ್ಲೇ.

ಕಿವಿಯ ತಮಟೆ ಎಂದರೆ ಸುಮಾರು ಒಂದು ಸೆಂಟಿಮೀಟರ್ ಅಡ್ಡಳತೆಯ, ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ಪೊರೆ. ಅದರ ಒಳಬದಿಗೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳ ಸರಪಳಿ. ಗಾಳಿಯಲ್ಲಿ ಬಂದ ಸದ್ದಿನ ಒತ್ತಡವನ್ನು ತಮಟೆ ಮತ್ತು ಈ ಮೂಳೆಗಳು ಸೇರಿ ಸುಮಾರು ಇಪ್ಪತ್ತು ಪಟ್ಟು ಹೆಚ್ಚಿಸಿ ಒಳಕಿವಿಗೆ ಮುಟ್ಟಿಸುತ್ತವೆ. ತಮಟೆ ತೂತಾದರೆ ಆ ಬಲ ಕುಗ್ಗುತ್ತದೆ. ಅಷ್ಟೇ ಅಲ್ಲ, ಹೊರಗಿನ ನೀರು, ಧೂಳು, ರೋಗಾಣುಗಳಿಗೆ ಮಧ್ಯಕಿವಿಯ ಬಾಗಿಲು ತೆರೆದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ 6.5 ಕೋಟಿಯಿಂದ 33 ಕೋಟಿ ಜನರಿಗೆ ಸೋರುಕಿವಿ ಇದೆ, ಅವರಲ್ಲಿ ನೂರಕ್ಕೆ 60 ಮಂದಿಗೆ ಕಿವಿ ಗಣನೀಯವಾಗಿ ಮಂದವಾಗಿದೆ. ಈ ಹೊರೆ ಅತಿ ಹೆಚ್ಚಿರುವ ದೇಶಗಳ ಸಾಲಿನಲ್ಲಿ ಆ ವರದಿ ಭಾರತವನ್ನು ಇಟ್ಟಿತ್ತು. ಇದು ಬಹುಮಟ್ಟಿಗೆ ತಡೆಯಬಹುದಾದ ಕಿವುಡು ಎಂಬುದೇ ನನ್ನ ಸಂಕಟ.

ತಮಟೆ ರಿಪೇರಿಯ ಆಸೆ ಹಳೆಯದು. 1640ರಲ್ಲೇ ಜರ್ಮನಿಯ ಮಾರ್ಕುಸ್ ಬಾನ್ಜರ್ ದಂತದ ಕೊಳವೆಯ ತುದಿಗೆ ಹಂದಿಯ ಮೂತ್ರಕೋಶದ ಪೊರೆ ಹೊದಿಸಿ ಕಿವಿಯೊಳಗೆ ಇಡುವ ಉಪಾಯ ಹೇಳಿದ್ದ. ಟಿಂಪನೊಪ್ಲಾಸ್ಟಿ ಎಂಬ ಇಂದಿನ ತಮಟೆ ಶಸ್ತ್ರಚಿಕಿತ್ಸೆ ರೂಪುಗೊಂಡದ್ದು 1950ರ ದಶಕದ ಆರಂಭದಲ್ಲಿ, ಅದೇ ಜರ್ಮನಿಯ ವುಲ್‌ಸ್ಟೈನ್ ಮತ್ತು ಝೋಲ್ನರ್ ಎಂಬ ವೈದ್ಯರ ಕೈಯಲ್ಲಿ. ಕಿವಿಯ ಮೇಲ್ಭಾಗದ ಸ್ನಾಯುವನ್ನು ಹೊದ್ದಿರುವ ಒಂದು ಪೊರೆ ಇದೆ, ತೆಗೆದು ಒಣಗಿಸಿದಾಗ ಈರುಳ್ಳಿಯ ಒಳಪೊರೆಯ ಹಾಗೆ ಕಾಣುತ್ತದೆ. ಅದರ ಒಂದು ತುಂಡನ್ನು, ಕೆಲವೊಮ್ಮೆ ಕಿವಿಯದೇ ಮೃದ್ವಸ್ಥಿಯ ತೆಳು ಹೋಳನ್ನು, ತೂತಿನ ಅಡಿಗೆ ಕಸಿಯಾಗಿ ಕೂರಿಸುತ್ತಾರೆ. ಸೂಕ್ಷ್ಮದರ್ಶಕದಲ್ಲೋ ಎಂಡೋಸ್ಕೋಪಿನಲ್ಲೋ ನೋಡುತ್ತಾ ಮಾಡುವ ಕೆಲಸ ಇದು. ತಾನೇ ಕರಗಿಹೋಗುವ ಸ್ಪಂಜಿನ ಚೂರುಗಳನ್ನು ಕಸಿಗೆ ಊರುಗೋಲಾಗಿ ತುಂಬುತ್ತಾರೆ. ಆ ಕಸಿಯನ್ನು ಹಿಡಿದುಕೊಂಡು ನಮ್ಮ ತಮಟೆಯ ಅಂಚಿನಿಂದ ಹೊಸ ಚರ್ಮ ಬೆಳೆಯುತ್ತದೆ. ವೈದ್ಯರು ಚಪ್ಪರ ಹಾಕಿ ಕೊಡುತ್ತಾರೆ, ಅದರ ಮೇಲೆ ಹಬ್ಬಬೇಕಾದ್ದು ನಮ್ಮದೇ ಜೀವಕೋಶಗಳು.

ನುರಿತವರು ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ನೂರಕ್ಕೆ 80ರಿಂದ 95 ಕಿವಿಗಳ ತೂತು ಮುಚ್ಚುತ್ತದೆ ಎಂದು ವೈದ್ಯಕೀಯ ವರದಿಗಳು ಸಾಮಾನ್ಯವಾಗಿ ಹೇಳುತ್ತವೆ. ಚಿಕ್ಕ ಮಕ್ಕಳಲ್ಲಿ ಸ್ವಲ್ಪ ಕಡಿಮೆ. ಉಳಿದವು ಯಾಕೆ ಮುಚ್ಚುವುದಿಲ್ಲ? ಡಾಕ್ಟರ ಕೈಗುಣ ಎಂದುಬಿಡುವುದು ನಮ್ಮ ರೂಢಿ. ಕೈಯ ಅನುಭವ ಮುಖ್ಯವೇ, ಸುಳ್ಳಲ್ಲ. ತೂತು ತಮಟೆಯ ಅರ್ಧಕ್ಕಿಂತ ದೊಡ್ಡದಾಗಿದ್ದರೆ, ಅಥವಾ ಮುಂಭಾಗದಲ್ಲಿದ್ದರೆ, ಮುಚ್ಚುವುದು ಕಷ್ಟ. ಮುಂಭಾಗಕ್ಕೆ ರಕ್ತಸಂಚಾರ ಕಡಿಮೆ, ಕಿವಿಯ ನಾಳದ ತಿರುವಿನಿಂದಾಗಿ ಅಲ್ಲಿ ನೋಟವೂ ಸರಿಯಾಗಿ ಸಿಗುವುದಿಲ್ಲ. ಇವೆರಡೂ ನಮ್ಮ ಹತೋಟಿಯಲ್ಲಿಲ್ಲ. ಆದರೆ ಹಣೆಬರಹಕ್ಕೆ ಬಿಡಬಾರದ ಸಂಗತಿಗಳೂ ಬೇಕಾದಷ್ಟಿವೆ.

ಮೊದಲನೆಯದು ಆಗಲೇ ಹೇಳಿದ್ದು, ಒಣಗಿದ ಕಿವಿ. ಸೋರುತ್ತಿರುವ ಕಿವಿಗೂ ಶಸ್ತ್ರಚಿಕಿತ್ಸೆ ಮಾಡಿ ಗೆದ್ದ ವೈದ್ಯರಿದ್ದಾರೆ, ಈ ಬಗ್ಗೆ ಅವರೊಳಗೆ ಚರ್ಚೆ ನಡೆದೇ ಇದೆ. ಆದರೂ ಮಧ್ಯಕಿವಿಯ ಒಳಪದರ ಕೆಂಪಾಗಿ ಊದಿಕೊಂಡಿರುವಾಗ ಕಸಿ ಹಿಡಿಯುವುದು ಕಷ್ಟ, ಆದ್ದರಿಂದ ಕೆಲವು ವಾರ ಒಣಗಿರಲಿ ಎನ್ನುವವರೇ ಹೆಚ್ಚು. ನಮ್ಮೂರಿನ ಲೆಕ್ಕದಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಡಿಸೆಂಬರ್-ಜನವರಿಯಲ್ಲಿ ಶೀತ. ಹಲವರ ಕಿವಿ ಒಣಗಿರುವುದು ಫೆಬ್ರವರಿಯಿಂದ ಮೇವರೆಗೆ. ಶಾಲೆಯ ಮಕ್ಕಳಿಗೆ ಏಪ್ರಿಲ್-ಮೇ ರಜೆ. ಆಸ್ಪತ್ರೆಯಲ್ಲಿ ಸರದಿ ಇರುತ್ತದೆ, ಪರೀಕ್ಷೆಗಳಿಗೆ ದಿನ ಹಿಡಿಯುತ್ತದೆ. ರಜೆಯಲ್ಲಿ ಶಸ್ತ್ರಚಿಕಿತ್ಸೆ ಆಗಬೇಕಾದರೆ ಜನವರಿ-ಫೆಬ್ರವರಿಯಲ್ಲೇ ಒಪಿಡಿಗೆ ಹೋಗಿ ಹೆಸರು ಬರೆಸಬೇಕು. ಅದೇ ರಜೆಯಲ್ಲಿ ಈಜಿನ ಸಮ್ಮರ್ ಕ್ಯಾಂಪುಗಳೂ ಶುರುವಾಗುತ್ತವೆ. ಕಿವಿ ತೂತಾದ ಮಗುವನ್ನು ವೈದ್ಯರನ್ನು ಕೇಳದೆ ದಯವಿಟ್ಟು ಕೊಳಕ್ಕೆ ಇಳಿಸಬೇಡಿ.

ಕಿವಿಯನ್ನು ಒಣಗಿಸಿಟ್ಟುಕೊಳ್ಳುವುದು ಬಚ್ಚಲುಮನೆಯ ವಿದ್ಯೆ. ಬರಿ ಹತ್ತಿ ಇಟ್ಟುಕೊಂಡರೆ ಸಾಕು ಎಂದುಕೊಂಡವರು ಬಹಳ. ಬರಿ ಹತ್ತಿ ನೀರನ್ನು ಹೀರಿ ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಕಡಲೆಬೀಜಕ್ಕಿಂತ ಸ್ವಲ್ಪ ದೊಡ್ಡ ಹತ್ತಿಯುಂಡೆಗೆ ವ್ಯಾಸಲೀನನ್ನು ಬೆರಳಿನಿಂದ ಎಲ್ಲ ಕಡೆ ತಿಕ್ಕಿ, ಕಿವಿಯ ಬಾಯಿಗೆ ಮುಚ್ಚಳವಾಗುವಂತೆ ಇಡಬೇಕು, ಒಳಗೆ ತುರುಕಬಾರದು. ಸ್ನಾನವಾದ ಕೂಡಲೇ ತೆಗೆದು ಎಸೆದು, ಹೊರಕಿವಿಯನ್ನು ಬಟ್ಟೆಯಿಂದ ಒರೆಸಿಕೊಳ್ಳಬೇಕು. ಯುಗಾದಿಗೆ, ದೀಪಾವಳಿಗೆ ಎಣ್ಣೆನೀರು ಹಾಕುವ ಅಜ್ಜಿಯರಿಗೆ, ಅಮ್ಮಂದಿರಿಗೆ ಕೈಮುಗಿದು ಕೇಳುತ್ತೇನೆ: ತಲೆಗೆ ಎಣ್ಣೆ ಹಚ್ಚಿ, ಮೈಗೆ ಹಚ್ಚಿ, ಕಿವಿಗೆ ಮಾತ್ರ ಬಿಡಬೇಡಿ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯೂ ಬೇಡ. ಗುಗ್ಗೆ ತೆಗೆಯಲು ಹೇರ್‌ಪಿನ್ನು, ಬೆಂಕಿಕಡ್ಡಿ, ಬೀಗದ ಕೈ ಹಾಕುವುದಂತೂ ಬೇಡವೇ ಬೇಡ, ಎಷ್ಟೋ ತಮಟೆಗಳು ಹರಿಯುವುದೇ ಹಾಗೆ. ಚೀಟಿಯಿಲ್ಲದೆ ಡ್ರಾಪ್ಸ್ ಕೊಳ್ಳುವುದರಲ್ಲೂ ಅಪಾಯವಿದೆ. ಜೆಂಟಾಮೈಸಿನ್‌ನಂಥ ಕೆಲವು ಔಷಧಗಳು ತೂತಿನ ಮೂಲಕ ಒಳಕಿವಿಗೆ ಇಳಿದರೆ ಕೇಳುವ ಶಕ್ತಿಗೇ ಪೆಟ್ಟಾಗಬಹುದು. ಆ ನಷ್ಟವನ್ನು ಯಾವ ತಮಟೆ ಶಸ್ತ್ರಚಿಕಿತ್ಸೆಯೂ ತುಂಬಿಕೊಡಲಾರದು.

ಎರಡನೆಯದು ಮೂಗು. ಕಿವಿಯ ಶಸ್ತ್ರಚಿಕಿತ್ಸೆಗೆ ಹೋದರೆ ಮೂಗನ್ನು ಯಾಕೆ ಪರೀಕ್ಷೆ ಮಾಡುತ್ತಾರೆ, ಸುಮ್ಮನೆ ಬಿಲ್ಲು ಏರಿಸಲಿಕ್ಕಾ ಎಂದು ಕೇಳುವವರಿದ್ದಾರೆ. ಹಾಗಲ್ಲ. ಮೂಗಿನ ಹಿಂಬದಿಯಿಂದ ಮಧ್ಯಕಿವಿಗೆ ಯುಸ್ಟೇಶಿಯನ್ ನಾಳ ಎಂಬ ಕಿರಿದಾದ ದಾರಿ ಇದೆ. ನಾವು ಉಗುಳು ನುಂಗುವಾಗ, ಆಕಳಿಸುವಾಗ ಅದು ತೆರೆದು ತಮಟೆಯ ಎರಡೂ ಬದಿಯ ಗಾಳಿಯ ಒತ್ತಡವನ್ನು ಸಮ ಮಾಡುತ್ತದೆ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹಾರಿದವರಿಗೆಲ್ಲ ಗೊತ್ತಿರುವ ಕಿವಿ ಕಟ್ಟುವ ಅನುಭವ ಇದರದೇ. ಈ ನಾಳ ಕಟ್ಟಿಕೊಂಡಿದ್ದರೆ ಹೊಸ ಕಸಿ ಒಳಕ್ಕೆ ಜಗ್ಗುತ್ತದೆ, ಹಿಂದೆ ದ್ರವ ತುಂಬುತ್ತದೆ, ಕೊನೆಗೆ ಮತ್ತೆ ತೂತು. ಅಲರ್ಜಿ, ಸೈನಸ್, ಮಕ್ಕಳಲ್ಲಿ ಊದಿದ ಅಡಿನಾಯ್ಡ್ ಇವನ್ನೆಲ್ಲ ಮೊದಲು ಹತೋಟಿಗೆ ತರಬೇಕು ಎಂದು ವೈದ್ಯರು ಹೇಳಿದರೆ ಬೇಸರಿಸಬೇಡಿ, ಅದು ಕಿವಿಯ ಚಿಕಿತ್ಸೆಯೇ.

ಮೂಗಿನ ಮಾತು ಬಂದರೆ ಅದು ಒಬ್ಬರ ಮನೆಯ ವಿಷಯವಾಗಿ ಉಳಿಯುವುದಿಲ್ಲ. ಹೆಬ್ಬಾಳದ ಮೇಲ್ಸೇತುವೆಯ ಸುತ್ತಲಿನ ಹೊಗೆ, ಮುಗಿಯದ ಕಾಮಗಾರಿಗಳ ಧೂಳು, ಯಶವಂತಪುರದ ಎಪಿಎಂಸಿ ಯಾರ್ಡಿನ ಮೆಣಸಿನಕಾಯಿ ಘಾಟು ನಮಗೆಲ್ಲ ಗೊತ್ತು. ಖಾಲಿ ಸೈಟುಗಳಲ್ಲಿ ಮಳೆ ಬಿದ್ದೊಡನೆ ಆಳೆತ್ತರ ಏಳುವ ಕಾಂಗ್ರೆಸ್ ಗಿಡದ ಪರಾಗದಿಂದ ಮೂಗಿನ ಅಲರ್ಜಿ ಬರುತ್ತದೆ ಎಂಬುದನ್ನು ಬೆಂಗಳೂರಿನಲ್ಲೇ ನಡೆದ ಅಧ್ಯಯನಗಳು ತೋರಿಸಿವೆ. ಬಡಾವಣೆಯ ಸಂಘಗಳು ಹೂ ಬಿಡುವ ಮೊದಲೇ, ಕೈಗವಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ ಅದನ್ನು ಕೀಳಿಸಬೇಕು. ಸೈಟಿನ ಯಜಮಾನರು ಬೇರೆ ಊರಲ್ಲಿದ್ದರೂ ಗಿಡದ ಪರಾಗ ಉಸಿರಾಡುವವರು ನಾವು. ಮನೆಯೊಳಗೆ ಬೀಡಿ-ಸಿಗರೇಟು ಸೇದುವ ಅಣ್ಣಂದಿರಿಗೂ ಒಂದು ಮಾತು: ಹೊಗೆ ಮೂಗು ಮತ್ತು ಮಧ್ಯಕಿವಿಯ ಒಳಪದರವನ್ನು ಕೆಡಿಸುತ್ತದೆ, ಗಾಯ ಮಾಯಲು ಬೇಕಾದ ರಕ್ತಸಂಚಾರವನ್ನು ಕುಗ್ಗಿಸುತ್ತದೆ. ಶಸ್ತ್ರಚಿಕಿತ್ಸೆ ನಿಮ್ಮದಾದರೆ ಅದಕ್ಕೂ ಮೊದಲೇ ಬಿಡಿ. ಮಗುವಿನದಾದರೆ ಮನೆಯೊಳಗೆ ಸೇದುವುದನ್ನು ಇವತ್ತೇ ನಿಲ್ಲಿಸಿ. ಸಕ್ಕರೆ ಕಾಯಿಲೆ ಇರುವವರು ಸಕ್ಕರೆಯನ್ನು ಹತೋಟಿಗೆ ತಂದುಕೊಂಡೇ ಹೋಗಿ.

ಮಕ್ಕಳ ವಯಸ್ಸಿನ ಬಗ್ಗೆ ತಾಯಂದಿರು ಗೊಂದಲಪಡುತ್ತಾರೆ. ಮಗುವಿನ ಯುಸ್ಟೇಶಿಯನ್ ನಾಳ ಗಿಡ್ಡ, ಹೆಚ್ಚು ಅಡ್ಡಡ್ಡ, ಶೀತವೂ ಪದೇ ಪದೇ. ಆದ್ದರಿಂದ ಏಳೆಂಟು ವರ್ಷ ದಾಟಲಿ ಎನ್ನುವ ವೈದ್ಯರು ಹಲವರು, ಎಲ್ಲರೂ ಒಪ್ಪಿದ ಒಂದೇ ವಯಸ್ಸು ಮಾತ್ರ ಇಲ್ಲ. ಕಾಯಿರಿ ಎಂದರೆ ಸುಮ್ಮನಿರಿ ಎಂದಲ್ಲ. ಅಷ್ಟು ದಿನವೂ ಕಿವಿ ಒಣಗಿರಬೇಕು, ಕೇಳುವ ಶಕ್ತಿಯ ಪರೀಕ್ಷೆ ಆಗುತ್ತಿರಬೇಕು, ಮಗು ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರಬೇಕು. ‘ಹೇಳಿದ್ದು ಕಿವಿಗೇ ಹಾಕಿಕೊಳ್ಳಲ್ಲ’ ಎಂದು ಬೈಸಿಕೊಳ್ಳುವ ಮಗುವಿಗೆ ನಿಜವಾಗಿಯೂ ಕೇಳಿಸದೆ ಇರಬಹುದು. ಇನ್ನೂ ಚಿಕ್ಕ ಕೂಸಿದ್ದರೆ ಎದೆಹಾಲು ಕೊಡಿ, ಮಲಗಿಸಿ ಬಾಟಲಿ ಹಾಲು ಕುಡಿಸಬೇಡಿ. 2021ರಿಂದ ದೇಶದಾದ್ಯಂತ ಉಚಿತವಾಗಿ ಸಿಗುತ್ತಿರುವ ನ್ಯುಮೋಕಾಕಲ್ ಲಸಿಕೆಯನ್ನು ಒಂದೂವರೆ, ಮೂರೂವರೆ, ಒಂಬತ್ತು ತಿಂಗಳಿಗೆ ತಪ್ಪದೆ ಹಾಕಿಸಿ. ಕಿವಿಯಲ್ಲಿ ಕೀವಾಗಲು ಕಾರಣವಾಗುವ ರೋಗಾಣುಗಳಲ್ಲಿ ನ್ಯುಮೋಕಾಕಸ್ ಕೂಡ ಒಂದು.

ಇನ್ನು ಎಲ್ಲ ಸೋರುಕಿವಿಯೂ ಒಂದೇ ಅಲ್ಲ. ಕೀವು ಕಡಿಮೆ, ಆದರೆ ಕೆಟ್ಟ ವಾಸನೆ, ಕೆಲವೊಮ್ಮೆ ರಕ್ತ. ಹೀಗಿದ್ದರೆ ಒಳಗೆ ಕೊಲೆಸ್ಟಿಯಾಟೋಮ ಎಂಬ ಚರ್ಮದ ಗಂಟು ಬೆಳೆಯುತ್ತಾ ಮೂಳೆಯನ್ನು ಕೊರೆಯುತ್ತಿರಬಹುದು. ಆಗ ತಮಟೆ ಮುಚ್ಚುವುದಕ್ಕಿಂತ ಮೊದಲು ಆ ಗಂಟನ್ನು ಬೇರುಸಹಿತ ತೆಗೆಯಬೇಕು, ಅಲ್ಲಿ ಜೀವ ಮೊದಲು, ಕೇಳುವಿಕೆ ಆಮೇಲೆ. ಕಿವಿ ಸೋರುವವರಿಗೆ ಜ್ವರದ ಜೊತೆ ವಿಪರೀತ ತಲೆನೋವು, ವಾಂತಿ, ತಲೆಸುತ್ತು, ಮುಖ ಒಂದು ಕಡೆ ವಾಲುವುದು, ಕಿವಿಯ ಹಿಂದೆ ಊತ ಕಂಡರೆ ಬೆಳಗಾಗುವವರೆಗೂ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಒಪಿಡಿಯಲ್ಲಿ ವೈದ್ಯರು ಶ್ರುತಿಕವೆಯನ್ನು ತಟ್ಟಿ ಕಿವಿಯ ಹಿಂದಿನ ಮೂಳೆಗೆ ಒತ್ತುತ್ತಾರೆ, ಆಮೇಲೆ ಕಿವಿಯ ಮುಂದೆ ಹಿಡಿದು ‘ಎಲ್ಲಿ ಜೋರು?’ ಎಂದು ಕೇಳುತ್ತಾರೆ. ಚೆನ್ನಾಗಿರುವ ಕಿವಿಗೆ ಮುಂದೆ ಹಿಡಿದಾಗ ಜೋರು. ತಮಟೆಯದೋ ಮೂಳೆ ಸರಪಳಿಯದೋ ದೋಷ ಹೆಚ್ಚಿದ್ದರೆ ಹಿಂದೆ ಒತ್ತಿದಾಗ ಜೋರು. ಅದು ಒಳ್ಳೆಯ ಸುದ್ದಿ ಎಂದೇ ತಿಳಿಯಿರಿ, ಸಾಮಾನ್ಯವಾಗಿ ನರ ಕೆಲಸ ಮಾಡುತ್ತಿದೆ ಎಂದರ್ಥ. ಆಡಿಯೋಮೆಟ್ರಿಯ ಗ್ರಾಫಿನಲ್ಲಿ ಇದೇ ಅಂಶ ಅಂಕಿಯಾಗಿ ಕಾಣುತ್ತದೆ. ಆಗ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ತೂತು ಎಷ್ಟು ದೊಡ್ಡದು, ಎಲ್ಲಿದೆ? ಮೂಳೆಗಳು ಸರಿಯಾಗಿವೆಯೇ? ಯಾವ ಕಿವಿಗೆ ಮೊದಲು? ಮುಚ್ಚದೆ ಹೋದರೆ ಮುಂದೇನು? ತೂತು ಮುಚ್ಚುವುದು ಬೇರೆ, ಕಿವಿ ಕೇಳಿಸುವುದು ಬೇರೆ. ಮೂಳೆ ಸವೆದಿದ್ದರೆ ತಮಟೆ ಚೆನ್ನಾಗಿ ಮುಚ್ಚಿದರೂ ಕೇಳುವಿಕೆ ಅಷ್ಟಾಗಿ ಸುಧಾರಿಸದು. ಇದನ್ನು ಮೊದಲೇ ತಿಳಿದವರಿಗೆ ಆಮೇಲೆ ನಿರಾಸೆ ಕಡಿಮೆ.

ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಬಂದ ಮೇಲೆ ಹಲವರು ಹೆದರುವುದು ಕಿವಿ ಮೊದಲಿಗಿಂತ ಮುಚ್ಚಿದಂತಿದೆ ಎಂದು. ಒಳಗೆ ತುಂಬಿದ ಸ್ಪಂಜು ಕರಗುವವರೆಗೂ ಹಾಗೆಯೇ ಇರುತ್ತದೆ, ಆಪರೇಷನ್ ಫೇಲಾಯಿತು ಎಂದು ತೀರ್ಮಾನಿಸಿ ಆಸ್ಪತ್ರೆ ಬದಲಿಸಬೇಡಿ. ನಾಲಿಗೆಯ ಒಂದು ಬದಿ ರುಚಿ ಬೇರೆಯಾಗಿದೆ ಅನಿಸುವುದೂ ಉಂಟು, ರುಚಿಯ ನರವೊಂದು ತಮಟೆಯ ಹಿಂದೆಯೇ ಹಾದುಹೋಗುತ್ತದೆ. ಮೂಗನ್ನು ಜೋರಾಗಿ ಸೀನಿಕೊಳ್ಳಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಭಾರ ಎತ್ತಬಾರದು, ವಿಮಾನ ಹತ್ತುವ ಮೊದಲು ವೈದ್ಯರನ್ನು ಕೇಳಬೇಕು. ಹೊಲಿಗೆ ಬಿಚ್ಚಿಸಿಕೊಂಡ ಮೇಲೂ ಕರೆದಾಗಲೆಲ್ಲ ಹೋಗಬೇಕು. ಕೇಳುವಿಕೆಯ ಪರೀಕ್ಷೆಯನ್ನು ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಮಾಡಿ ನೋಡುತ್ತಾರೆ.

‘ಭಾರ ಎತ್ತಬೇಡಿ’ ಎಂದು ಚೀಟಿಯಲ್ಲಿ ಬರೆಯುವುದು ಸುಲಭ. ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲಿಗೆ, ಯಲಹಂಕದಾಚೆಯ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊರಲು ರಾಯಚೂರು, ಯಾದಗಿರಿಯಿಂದ ಬಂದ ತಂಗಿಗೆ ಆ ಒಂದು ಸಾಲು ಎಂದರೆ ವಾರಗಟ್ಟಲೆ ಕೂಲಿ ಇಲ್ಲ ಎಂದರ್ಥ. ನಾಲ್ಕನೇ ದಿನಕ್ಕೆ ಕೆಲಸಕ್ಕೆ ಹೋಗಿ ಕಸಿ ಜಾರಿಸಿಕೊಂಡರೆ ಅವರ ಅಜ್ಞಾನ ಎನ್ನಲು ನನಗೆ ಮನಸ್ಸಿಲ್ಲ. ಮೇಸ್ತ್ರಿಗಳೇ, ಮಂಡಿ ಮಾಲೀಕರೇ, ಗಾರ್ಮೆಂಟ್ಸ್ ಮ್ಯಾನೇಜರುಗಳೇ, ಅವರಿಗೆ ಆ ವಾರಗಳ ಮಟ್ಟಿಗೆ ಕೂತು ಮಾಡುವ ಕೆಲಸ ಕೊಡಿ, ಕೆಲಸದ ಜಾಗ ಉಳಿಸಿಡಿ. ಇಎಸ್‌ಐ ಕಡಿತವಾಗುವ ಕಾರ್ಮಿಕರಿಗೆ ಇದು ಹಕ್ಕು ಕೂಡ: ನಿಗದಿತ ದಿನಗಳ ವಂತಿಗೆ ತುಂಬಿದವರಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ಕೂಲಿಯ ನೂರಕ್ಕೆ 70ರಷ್ಟು ಅನಾರೋಗ್ಯ ಭತ್ಯೆ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಯಶವಂತಪುರಕ್ಕೆ ದೂರವೇನಲ್ಲ.

ಇಎಸ್‌ಐ ಇಲ್ಲದವರು ಮೊದಲು ಯಲಹಂಕದ ಸರಕಾರಿ ಆಸ್ಪತ್ರೆಗೋ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಗೋ ಹೋಗಿ ತೋರಿಸಿ. ಆರ್.ಟಿ. ನಗರ, ಹೆಬ್ಬಾಳದವರಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಇದೆ. ರಾಮಯ್ಯ, ಅಂಬೇಡ್ಕರ್ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಕಿವಿ-ಮೂಗು-ಗಂಟಲಿನ ವಿಭಾಗಗಳಿವೆ. ಹೆಣ್ಣೂರು ರಸ್ತೆಯ ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕೇಳುವಿಕೆಯ ಪರೀಕ್ಷೆ ಮಾಡುತ್ತಾರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ಇದೆ. ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ಸೌಲಭ್ಯವಿಲ್ಲದಿದ್ದರೆ ಮಾತ್ರ ರೆಫರಲ್ ಪಡೆದು ಬೇರೆಡೆಗೆ ಹೋಗಬೇಕು. ನಿಮ್ಮ ಶಸ್ತ್ರಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ, ಯಾವ ಪ್ಯಾಕೇಜಿನಡಿ ಬರುತ್ತದೆ ಎಂದು ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ.

ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಎರಡು ಮಾತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನಿಮ್ಮ ಸರಕಾರಿ ಶಾಲೆಗೆ ಬಂದಾಗ ಸೋರುಕಿವಿಯ ಮಕ್ಕಳ ಹೆಸರನ್ನು ನೀವೇ ಮುಂದಾಗಿ ಹೇಳಿ, ಮಧ್ಯಕಿವಿಯ ಸೋಂಕು ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ. ಎರಡನೆಯದು, ಕಪಾಳಕ್ಕೆ ಹೊಡೆಯುವುದು ಯಾವ ಶಾಲೆಯಲ್ಲೂ ನಡೆಯಬಾರದು. ಅಂಗೈ ಕಿವಿಯ ಮೇಲೆ ಅಪ್ಪಳಿಸಿದರೆ ತಮಟೆ ಹರಿಯಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ, ಮನೆಯಲ್ಲಿ ಹೊಡೆಯುವವರಿಗೂ ತಮಟೆ ಹರಿಯುವ ಅಪಾಯ ನೆನಪಿರಲಿ. ಹಾಗೆ ಹರಿದ ತಮಟೆ ಬಹುಪಾಲು ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ, ನೀರು, ಎಣ್ಣೆ, ಡ್ರಾಪ್ಸ್ ಯಾವುದನ್ನೂ ಕಿವಿಗೆ ಹಾಕದೆ ವೈದ್ಯರಿಗೆ ತೋರಿಸಿದರೆ.

ಈ ವಾರವೇ ಮನೆಯಲ್ಲಿ ಕೇಳಿ: ಯಾರಿಗಾದರೂ ಕಿವಿ ಸೋರಿ ನಿಂತಿದೆಯಾ? ಇದ್ದರೆ ಹಳೆಯ ಚೀಟಿಗಳು, ಆಧಾರ್, ರೇಷನ್ ಕಾರ್ಡು ಹಿಡಿದು ಬೆಳಿಗ್ಗೆಯೇ ಒಪಿಡಿಗೆ ಕರೆದುಕೊಂಡು ಹೋಗಿ. ‘ಈಗ ಸೋರುತ್ತಿಲ್ಲ, ತೂತು ಮುಚ್ಚಿಸಿಕೊಳ್ಳಲು ಬಂದಿದ್ದೇವೆ’ ಎಂದು ಸ್ಪಷ್ಟವಾಗಿ ಹೇಳಿ. ನಿಮ್ಮ ಮನೆಯಲ್ಲಿ ಯಾರೂ ಇಲ್ಲವಾದರೆ, ನಿಮ್ಮ ಬೀದಿಯ ಕೊನೆಯಲ್ಲಿ ಕಟ್ಟುತ್ತಿರುವ ಕಟ್ಟಡದ ಶೆಡ್ಡಿನಲ್ಲಿ ಇರುವವರಿಗೆ ಇದನ್ನು ಓದಿ ಹೇಳಿ.